ಮೀಟರ್ ಬಿಡಿ, ಪೆಡಲ್ ನೋಡಿ

ಸೆಕೆಂಡ್ ಹ್ಯಾಂಡ್ ಕಾರು ತಗೋತೀನಿ ಅಂದರೆ ಸಾಕು, ನಮ್ಮ ಹೊಸಪೇಟೆಯಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ: "ಎಷ್ಟು ಓಡೈತಿ?" ಮೀಟರಿನಲ್ಲಿ ನಲವತ್ತು ಸಾವಿರ ಇದ್ದರೆ ಮುಖ ಅರಳುತ್ತೆ. ತೊಂಬತ್ತು ಸಾವಿರ ಅಂದರೆ "ಬ್ಯಾಡ ಬಿಡು" ಅಂತ ವಾಪಸ್ ಬರ್ತಾರೆ. ಆಮೇಲೆ ಒಳಗೆ ಇಣುಕಿ ನೋಡಿ, ಸೀಟು ಮಿರಿಮಿರಿ ಹೊಳೀತಾ ಇದ್ದರೆ ಅಡ್ವಾನ್ಸ್ ಕೊಟ್ಟೇಬಿಡ್ತಾರೆ.

ನನ್ನ ಪ್ರಕಾರ ಈ ಎರಡೂ ತಪ್ಪು ಲೆಕ್ಕ. ಒಳಗೆ ಸವೆದಿರುವ, ಆದರೆ ಯಾರೂ ಕೈಯಾಡಿಸದ ಕಾರನ್ನೇ ಕೊಳ್ಳಬೇಕು. ರಿಪೇರಿಯನ್ನು ನಮ್ಮ ದುಡ್ಡಲ್ಲಿ, ನಮ್ಮ ಕಣ್ಣೆದುರೇ ಮಾಡಿಸಿಕೊಳ್ಳಬೇಕು.

ಯಾಕೆ ಅಂತೀರಾ? ನಾನು ಹೊಟ್ಟೆಪಾಡಿಗೆ ಕೋಡ್ ಬರೆಯುವವನು. ಈಗಿನ ಡಿಜಿಟಲ್ ಮೀಟರ್ ಅಂದರೆ ಒಂದು ಚಿಪ್‌ನಲ್ಲಿ ಕೂತ ಸಂಖ್ಯೆ, ಅಷ್ಟೇ. ಅದನ್ನು ತಿದ್ದುವ ಉಪಕರಣ ಇದ್ದವನಿಗೆ ಅದು ಚಿಟಿಕೆ ಹೊಡೆಯುವ ಕೆಲಸ. ಆದರೆ ಹನ್ನೆರಡು ವರ್ಷ ಎಡಗಾಲು ತುಳಿದ ಕ್ಲಚ್ ಪೆಡಲಿನ ರಬ್ಬರ್? ಅಂಗೈ ಉಜ್ಜಿ ನುಣ್ಣಗಾದ ಗೇರ್ ನಾಬ್? ಹತ್ತಿ ಇಳಿದು ಕುಸಿದುಹೋದ ಡ್ರೈವರ್ ಸೀಟಿನ ಬಲಗಡೆಯ ಅಂಚು? ನಮ್ಮ ಭಾಷೆಯಲ್ಲಿ ಹೇಳೋದಾದರೆ ಅದೆಲ್ಲ ಲಾಗ್ ಫೈಲ್ :-) ಒಂದನ್ನು ಅಳಿಸಬಹುದು, ಎಲ್ಲವನ್ನೂ ಒಂದಕ್ಕೊಂದು ಹೊಂದುವ ಹಾಗೆ ತಿದ್ದೋದು ಕಷ್ಟ. ಸವೆದ ಗೇರ್ ನಾಬ್ ಪಕ್ಕದಲ್ಲಿ ಹೊಚ್ಚಹೊಸ ಪೆಡಲ್ ರಬ್ಬರ್ ಕಂಡರೆ ಅದೂ ಒಂದು ಸಾಕ್ಷಿಯೇ. ಮ್ಯಾನುಯಲ್ ಕಾರಿನಲ್ಲಿ ಇಂಥ ಸಾಕ್ಷಿಗಳು ಒಂದೆರಡು ಜಾಸ್ತಿ ಸಿಗುತ್ತವೆ.

ನಮ್ಮ ಸೀಮೆಯ ಕಾರುಗಳಂತೂ ತಮ್ಮ ಊರನ್ನೇ ಒಳಗೆ ಹೊತ್ತು ತಿರುಗುತ್ತವೆ. ಸಂಡೂರಿನ ಕಾರು ಅಂದರೆ ಕೆಂಧೂಳು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು, ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಅದಕ್ಕೆ ಮುಂಚೆ ಅದಿರು ಲಾರಿಗಳ ಹಿಂದೆ ಓಡಾಡಿದ ಕಾರುಗಳು ಈಗಲೂ ಸಿಗುತ್ತವೆ. ಆಮೇಲೆ ಷರತ್ತಿನ ಮೇಲೆ ಗಣಿ ಮತ್ತೆ ಶುರುವಾಗಿದೆ, ಧೂಳು ಪೂರ್ತಿ ಹೋಗಿಲ್ಲ. ಆ ಕೆಂಪು ಬರೋದು ಕಬ್ಬಿಣದ ಆಕ್ಸೈಡಿನಿಂದ. ಇದೇ ಆಕ್ಸೈಡನ್ನು ನುಣ್ಣಗೆ ಅರೆದು ಗಾಜು, ಲೋಹಗಳಿಗೆ ಪಾಲಿಶ್ ಮಾಡಲು ಬಳಸುತ್ತಾರೆ. ಅಂದರೆ ಉಜ್ಜಿ ಸವೆಸುವ ಪುಡಿ ಅದು. ಸೀಟನ್ನು ಎಷ್ಟು ತೊಳೆದರೂ ಒಂದು ಜಾಗ ಮರೆತಿರುತ್ತಾರೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ, ಸುರುಳಿಯ ಒಳಗಿದ್ದ ಭಾಗ ಕೆಂಪಗಿದ್ದರೆ ಕಾರು ಎಲ್ಲಿ ದುಡಿದಿದೆ ಅಂತ ಗೊತ್ತಾಗುತ್ತೆ.

ಕಂಪ್ಲಿ ಕಡೆಯ ಕಾರಿಗೂ ಇದೇ ಪರೀಕ್ಷೆ, ಆದರೆ ಹುಡುಕೋದು ನೀರಿನ ಕಲೆ. ತುಂಗಭದ್ರಾ ಡ್ಯಾಮಿನಿಂದ ಭಾರಿ ನೀರು ಬಿಟ್ಟಾಗ ಕಂಪ್ಲಿ-ಗಂಗಾವತಿ ಸೇತುವೆಯೇ ಮುಳುಗುತ್ತದೆ, ಇನ್ನು ನದಿ ಪಕ್ಕ ನಿಂತ ಕಾರು ಯಾವ ಲೆಕ್ಕ? ಮ್ಯಾಟ್ ಎತ್ತಿ, ಅದರಡಿಯ ಕಾರ್ಪೆಟ್ ಮುಟ್ಟಿ, ಮೂಸಿ ನೋಡಿ. ಸೀಟ್ ಜಾರುವ ಕಂಬಿಗೆ ತುಕ್ಕು ಹಿಡಿದು, ಮುಗ್ಗಲು ವಾಸನೆ ಇದ್ದರೆ ಕೈಮುಗಿದು ಬನ್ನಿ. ಹಂಪಿಗೆ ಬಾಡಿಗೆ ಹೊಡೆದ ಕಾರಿನಲ್ಲಿ ಡ್ರೈವರ್ ಸೀಟಿನಷ್ಟೇ ಹಿಂದಿನ ಸೀಟೂ ಕುಸಿದಿರುತ್ತೆ, ಹಿಂದಿನ ಬಾಗಿಲಿನ ಹಿಡಿಕೆಗಳು ಸಡಿಲ ಆಗಿರುತ್ತವೆ. ಬಿಳಿ ಬೋರ್ಡ್ ನೋಡಿ "ಮನೆ ಗಾಡಿ" ಅಂತ ನಂಬಬೇಡಿ. ಹೊಸಪೇಟೆಯ ಬಿಸಿಲಿಗೆ ನಿಂತ ಕಾರಿನ ಡ್ಯಾಶ್‌ಬೋರ್ಡ್ ಬಿರುಕು ಬಿಡುತ್ತೆ, ರೂಫ್ ಲೈನಿಂಗ್ ಜೋತು ಬೀಳುತ್ತೆ. ಇದು ಮಾತ್ರ ಹೆದರುವ ವಿಷಯ ಅಲ್ಲ.

ಅಪ್ಪನಿಗೆ ಮಂಡಿನೋವು, ಬಸ್ ಹತ್ತೋಕೆ ಆಗಲ್ಲ. ಹಾಗಾಗಿ ಮನೆಗೊಂದು ಕಾರು ಬೇಕಾಗಿತ್ತು. ನೋಡಿದ್ದರಲ್ಲಿ ಒಂದು, ಮೀಟರ್ ಪ್ರಕಾರ 38 ಸಾವಿರ ಕಿಮೀ ಓಡಿದ್ದು. ಒಳಗೆಲ್ಲ ಹೊಸ ಸೀಟ್ ಕವರ್, ಸೆಂಟ್ ವಾಸನೆ. ಕವರಿನ ಅಂಚು ಎತ್ತಿದರೆ ಫೋಮ್ ಪುಡಿಪುಡಿ. ಸರ್ವೀಸ್ ದಾಖಲೆ ಕೇಳಿದೆ, ಮಾರುವವರು ಮಾತು ಬದಲಿಸಿದರು. ಕೊನೆಗೆ ಕೊಂಡದ್ದು 2013ರ ವ್ಯಾಗನ್ ಆರ್. 86 ಸಾವಿರ ಓಡಿದೆ, ಸೀಟು ಹರಿದಿತ್ತು, ಲೈನಿಂಗ್ ತಲೆಗೆ ತಾಗುತ್ತಿತ್ತು. ಆದರೆ ಒಬ್ಬರೇ ಓನರ್, ಪ್ರತಿ ಸರ್ವೀಸಿನ ಬಿಲ್ಲೂ ಇತ್ತು. ಸವೆತಕ್ಕೂ ಮೀಟರಿಗೂ ತಾಳೆ ಆಗುತ್ತಿತ್ತು. ಹರಿದ ಸೀಟು ತೋರಿಸಿಯೇ ರೇಟ್ ಇಳಿಸಿಕೊಂಡೆ!

ಒಳಗಿನ ಕೆಲಸ ಕುಶನ್ ಅಂಗಡಿಯಲ್ಲಿ ಮಾಡಿಸಿದೆ. ಹಳೇ ಫೋಮ್ ತೆಗೆದು ಹೊಸದು ತುಂಬಿ ಅಳತೆಗೆ ಹೊಲಿದರು. ರೆಕ್ಸಿನ್ ಬೇಡ, ಬಟ್ಟೆಯೇ ಇರಲಿ ಅಂದೆ, ನಮ್ಮ ಮೇ ತಿಂಗಳಲ್ಲಿ ರೆಕ್ಸಿನ್ ಮೇಲೆ ಕೂತವರಿಗೆ ಗೊತ್ತು ಯಾಕೆ ಅಂತ. ಲೈನಿಂಗ್ ಬಿಚ್ಚಿ, ಉದುರುವ ಹಳೇ ಫೋಮನ್ನೆಲ್ಲ ಕೆರೆದು ಹೊಸ ಬಟ್ಟೆ ಅಂಟಿಸಿದರು. ಕೆರೆಯದೆ ಅಂಟಿಸಿದರೆ ಬೇಸಿಗೆಗೆ ಮತ್ತೆ ಇಳಿಯುತ್ತೆ.

ಬೇಡ ಅಂದದ್ದೂ ಇದೆ. ಮ್ಯಾಟಿನ ಮೇಲೆ ಮತ್ತೊಂದು ಮ್ಯಾಟ್ ಬೇಡ, ಅದು ಜಾರಿ ಪೆಡಲ್ ಕೆಳಗೆ ಸಿಕ್ಕಿದರೆ ಬ್ರೇಕ್ ಪೂರ್ತಿ ಒತ್ತೋಕೆ ಆಗಲ್ಲ. ಡ್ಯಾಶ್‌ಬೋರ್ಡಿಗೆ ಹೊಳೆಯುವ ಪಾಲಿಶ್ ಬೇಡ, ಬಿಸಿಲಿಗೆ ಅದರ ನೆರಳು ಮುಂದಿನ ಗಾಜಿನಲ್ಲಿ ಕಂಡು ಕಣ್ಣು ಕುಕ್ಕುತ್ತೆ. ಎಳೆ ಬಿಟ್ಟಿದ್ದ ಒಂದು ಸೀಟ್ ಬೆಲ್ಟನ್ನು ಹೊಲಿಸಲಿಲ್ಲ, ಪೂರ್ತಿ ಬದಲಿಸಿದೆ. ಹೊಸ ಕಾರುಗಳವರಿಗೆ ಇನ್ನೊಂದು ಮಾತು: ಸೀಟಿನ ಪಕ್ಕದಲ್ಲೇ ಏರ್‌ಬ್ಯಾಗ್ ಇದ್ದರೆ ಅದನ್ನು ಮುಚ್ಚುವ ಕವರ್ ಹಾಕಿಸಲೇಬೇಡಿ.

"2025ರ ಸೆಪ್ಟೆಂಬರಿನಲ್ಲಿ ಸಣ್ಣ ಕಾರುಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳೀತಲ್ಲ ಮಾರಾಯ, ಹೊಸದೇ ತಗೋಬಾರದಿತ್ತಾ?" ಅಂತ ಆಫೀಸಿನ ಗೆಳೆಯರು ಕೇಳ್ತಾರೆ. ದಿನಾ ಐವತ್ತು ಕಿಲೋಮೀಟರ್ ಓಡಿಸುವವರು ಖಂಡಿತ ತಗೊಳ್ಳಿ. ಆಸ್ಪತ್ರೆಗೆ, ಸಂತೆಗೆ, ವರ್ಷಕ್ಕೊಮ್ಮೆ ಸಂಡೂರಿನ ಕುಮಾರಸ್ವಾಮಿ ಗುಡಿಗೆ ಹೋಗುವ ಮನೆಗೆ ಐದಾರು ವರ್ಷದ ಇಎಂಐ ಯಾಕೆ? ಹಳೇ ಕಾರಿಗೂ ಖರ್ಚಿದೆ, ನಿಜ. ನನ್ನ ಕಾರಿನ ಆರ್‌ಸಿ 15 ವರ್ಷ ತುಂಬಿ 2028ರಲ್ಲಿ ಮುಗಿಯುತ್ತೆ. ಆಮೇಲೆ ಐದೈದು ವರ್ಷಕ್ಕೆ ತಪಾಸಣೆ ಮಾಡಿಸಿ, ಶುಲ್ಕ ಕಟ್ಟಿ ನವೀಕರಿಸಬೇಕು. ಆ ಲೆಕ್ಕವನ್ನೂ ಚೌಕಾಶಿ ಮಾಡುವಾಗಲೇ ಸೇರಿಸಿ. ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡು ಸುಮ್ಮನೆ ಕೂರಬೇಡಿ, ಆರ್‌ಸಿಯಲ್ಲಿ ನಿಮ್ಮ ಹೆಸರು ಬರುವ ತನಕ ಬೆನ್ನು ಹತ್ತಿ.

ಹರಿದ ಸೀಟಿಗೆ ಹೊಲಿಗೆ ಇದೆ. ಮುಚ್ಚಿಟ್ಟ ಐವತ್ತು ಸಾವಿರ ಕಿಲೋಮೀಟರಿಗೆ ಯಾವ ಅಂಗಡಿಯಲ್ಲೂ ಮದ್ದಿಲ್ಲ. ಏನಂತೀರಿ? ನಿಮ್ಮೂರಿನ ಕಾರುಗಳ ಒಳಗೆ ಏನೇನು ಸಿಗುತ್ತೆ ಅಂತ ನೀವೂ ಬರೀರಿ.