ಕೋಡು ಎಲ್ಲರದ್ದು, ಹೆಸರು ಯಾರದ್ದು?

ಓಪನ್ ಸೋರ್ಸ್ ಅಂದ ಕೂಡಲೇ "ಇನ್ನೇನು, ಎಲ್ಲಾ ನಮ್ಮದೇ" ಅಂತ ಕುಣಿಯುವ ಗೆಳೆಯರಿಗೆ ಒಂದು ಮಾತು. 2021ರ ಜನವರಿಯಲ್ಲಿ ಬಂದ ಟ್ರಿನೋ 351ನೇ ಆವೃತ್ತಿಯ ಟಿಪ್ಪಣಿಯನ್ನೊಮ್ಮೆ ಓದಿ. ಅದರ ದೊಡ್ಡ ಸುದ್ದಿ ಹೊಸ ಸೌಲಭ್ಯವಲ್ಲ, ಹೊಸ ಹೆಸರು!

ಗೊತ್ತಿಲ್ಲದವರಿಗೆ: ಡೇಟಾವನ್ನು ಇದ್ದಲ್ಲೇ ಬಿಟ್ಟು ಹೈವ್, ಮೈಎಸ್‌ಕ್ಯೂಎಲ್, ಕಾಫ್ಕಾ ಎಲ್ಲಕ್ಕೂ ಸೇರಿಸಿ ಒಂದೇ ಎಸ್‌ಕ್ಯೂಎಲ್ ಪ್ರಶ್ನೆ ಹಾಕಲು ಬಿಡುವ ತಂತ್ರಾಂಶ ಇದು. 2012ರಲ್ಲಿ ಫೇಸ್‌ಬುಕ್ಕಿನೊಳಗೆ ಪ್ರೆಸ್ಟೋ ಎಂಬ ಹೆಸರಿನಲ್ಲಿ ಶುರುವಾಗಿ 2013ರಲ್ಲಿ ಮುಕ್ತವಾಯಿತು. ಅದನ್ನು ಕಟ್ಟಿದ ಮಾರ್ಟಿನ್ ಟ್ರಾವೆರ್ಸೋ, ಡೇನ್ ಸಂಡ್‌ಸ್ಟ್ರಾಮ್, ಡೇವಿಡ್ ಫಿಲಿಪ್ಸ್ 2018ರಲ್ಲಿ ಕಂಪನಿ ಬಿಟ್ಟು, 2019ರಿಂದ ಪ್ರೆಸ್ಟೋಎಸ್‌ಕ್ಯೂಎಲ್ ಅಂತ ಹೊರಗೆ ಮುಂದುವರಿಸಿದರು. ಕೋಡು ಒಯ್ಯಲು ಅಡ್ಡಿಯೇ ಇರಲಿಲ್ಲ. ಹೆಸರು? ಅದು ಫೇಸ್‌ಬುಕ್ಕಿನಿಂದ ಲಿನಕ್ಸ್ ಫೌಂಡೇಶನ್ ಕೈ ಸೇರಿತು. 2020ರ ಡಿಸೆಂಬರಿನಲ್ಲಿ ಕಟ್ಟಿದವರೇ ಹೆಸರು ಬಿಟ್ಟುಕೊಡಬೇಕಾಯಿತು.

"ಹೆಸರು ಬದಲಾದ್ರೆ ಯಾರ ಗಂಟು ಹೋಯ್ತು?" ಅಂತೀರಾ? ಬಳಸುವವರ ಗಂಟೇ ಹೋಯ್ತು ಸ್ವಾಮಿ! 351ರಲ್ಲಿ ಜೆಡಿಬಿಸಿ ವಿಳಾಸ ಬದಲು, ಎಚ್‌ಟಿಟಿಪಿ ಹೆಡರ್‌ಗಳು ಬದಲು. ಹಳೆಯ ಕ್ಲೈಂಟ್‌ಗಳು ಮಾತಾಡಬೇಕಾದರೆ ಸರ್ವರಿನಲ್ಲಿ ಬೇರೆ ಸೆಟ್ಟಿಂಗ್ ಹಾಕಬೇಕು. ಒಂದೇ ಒಂದು ಬಗ್ ಸರಿಯಾಗದೆ, ಬರೀ ಹೆಸರಿಗಾಗಿ ಇಷ್ಟೆಲ್ಲಾ ಕೆಲಸ.

ಮೋಸವೇನೂ ಆಗಿಲ್ಲ, ನೋಡಿ. ಅಪಾಚೆ 2.0 ಲೈಸೆನ್ಸಿನ 6ನೇ ಕಲಮಿನಲ್ಲೇ ಇದೆ: ಟ್ರೇಡ್‌ಮಾರ್ಕಿನ ಹಕ್ಕು ಕೊಟ್ಟಿಲ್ಲ ಅಂತ. ನಾವು ಓದೋದಿಲ್ಲ, ಅಷ್ಟೆ :-)

ಸಂಬಳ ಕೊಟ್ಟದ್ದು ಫೇಸ್‌ಬುಕ್ ತಾನೇ ಅಂತ ಕೆಲವರ ವಾದ. ಒಪ್ಪೋಣ. ಆದರೆ 2013ರ ನಂತರ ಬೇರೆ ಕಂಪನಿಗಳವರೂ ಪ್ಯಾಚು ಬರೆದರು, ಬಗ್ ಹುಡುಕಿದರು. ಆ ಹೆಸರಿಗೆ ಬೆಲೆ ಬಂದದ್ದು ಅವರಿಂದಲೂ ಅಲ್ಲವೇ? ಟ್ರೇಡ್‌ಮಾರ್ಕೇ ಬೇಡ ಅನ್ನುತ್ತಿಲ್ಲ. ಅದಿಲ್ಲದಿದ್ದರೆ ಯಾರು ಬೇಕಾದರೂ ಹಾಳುಮೂಳು ಸೇರಿಸಿ ಅದೇ ಹೆಸರಲ್ಲಿ ಹಂಚಿಯಾರು. ಆದರೆ ಕೋಡು ಬಿಟ್ಟುಕೊಡುವ ದಿನವೇ ಹೆಸರನ್ನೂ ಯಾವುದಾದರೂ ತಟಸ್ಥ ಸಂಸ್ಥೆಗೆ ಬರೆದುಕೊಡಬೇಕು. ಜಗಳ ಶುರುವಾದ ಮೇಲೆ ಕೊಟ್ಟರೆ ಅದು ದಾನವಲ್ಲ, ಪಕ್ಷ ವಹಿಸಿದ ಹಾಗೆ.

ಬಿಟ್ಟಿ ಜಾಗದಲ್ಲಿ ಬ್ಲಾಗು ಬರೆಯುವ ನಮಗೆ ಇದು ಅರ್ಥವಾಗಲೇಬೇಕು. ಬರಹ ನಮ್ಮದು, ವಿಳಾಸ ಮಾತ್ರ ಇನ್ನೊಬ್ಬರದ್ದು. ಮುಂದಿನ ಸಲ ಯಾವುದೇ ಪ್ರಾಜೆಕ್ಟಿಗೆ ಕೈಹಾಕುವ ಮುನ್ನ ಲೈಸೆನ್ಸ್ ಒಂದೇ ಅಲ್ಲ, ಹೆಸರಿನ ಯಜಮಾನ ಯಾರು ಅಂತಲೂ ಕೇಳಿ.

ನೀವೇನಂತೀರಿ?