ಸೇವೆಗೆ ವಿದೇಶಕ್ಕೆ ಹೋಗೋ ದಾರಿ ಐತಿ, ಆದ್ರ ಅದು ಏಜೆಂಟನ ಕೈಯಾಗಿಲ್ಲ

ವಿಶ್ವಸಂಸ್ಥೆ 2026ನ್ನು ಅಂತಾರಾಷ್ಟ್ರೀಯ ಸ್ವಯಂಸೇವಕರ ವರ್ಷ ಅಂತ ಘೋಷಿಸಿದೆ. ಹಿಂಗಾಗಿ ‘ವಿದೇಶದಾಗ ಸ್ವಯಂಸೇವೆಗೆ ಅವಕಾಶ’ ಅನ್ನೋ ಸಂದೇಶ ನಮ್ಮ ಕಾಲೇಜು ಹುಡುಗ್ರ ಮೊಬೈಲಿಗೂ ಬಂದ್ರೆ ಆಶ್ಚರ್ಯವಿಲ್ಲ. ಯುದ್ಧ, ಬರ, ಪ್ರವಾಹದಿಂದ ಊರು ಬಿಟ್ಟವರ ನಡುವೆ, ದುಡಿಯಲು ದೇಶ ದಾಟಿದವರ ನಡುವೆ ಕೆಲಸ ಮಾಡುವ ಅವಕಾಶವೂ ಇದರಲ್ಲಿ ಬರುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹುಡುಗ-ಹುಡುಗಿಯರಿಗೆ ಇದು ಎಟುಕುವ ಮಾತೇ? ಎಟುಕುತ್ತದೆ. ಆದ್ರ ದಾರಿ ಯಾವುದು, ಬಲೆ ಯಾವುದು ಅನ್ನೋದು ಮೊದಲು ಗೊತ್ತಿರಬೇಕು.

ರೊಕ್ಕ ಕೇಳಿದ್ರೆ ಎಚ್ಚರ

ವಿಶ್ವಸಂಸ್ಥೆಯ ಸ್ವಯಂಸೇವಕರ ಕಾರ್ಯಕ್ರಮ 1970ರಲ್ಲಿ ಹುಟ್ಟಿದ್ದು. ಅದರ ಕೇಂದ್ರ ಕಚೇರಿ ಜರ್ಮನಿಯ ಬಾನ್ ನಗರದಲ್ಲಿದೆ. 18 ವರ್ಷ ತುಂಬಿದವರು ಅದರ ಜಾಲತಾಣದಲ್ಲಿ ತಾವೇ ಹೆಸರು ನೋಂದಾಯಿಸಬಹುದು. 18ರಿಂದ 26 ವರ್ಷದವರಿಗೆ ಯುವ ಸ್ವಯಂಸೇವಕರ ವಿಭಾಗವೇ ಇದೆ. ಆಯ್ಕೆಯಾದವರಿಗೆ ಸಂಬಳ ಅಂತ ಇಲ್ಲ, ಆದರೆ ತಿಂಗಳ ಜೀವನ ಭತ್ಯೆ ಕೊಡುತ್ತಾರೆ. ಮನೆಯಲ್ಲೇ ಕುಳಿತು ಕಂಪ್ಯೂಟರ್ ಮೂಲಕ ಮಾಡುವ ಆನ್‌ಲೈನ್ ಸೇವೆಯೂ ಉಂಟು, ಅದಕ್ಕೆ ಪಾಸ್‌ಪೋರ್ಟ್ ಕೂಡ ಬೇಕಿಲ್ಲ.

ವಲಸೆಯ ವಿಷಯಕ್ಕೇ ಮೀಸಲಾದ ಸಂಸ್ಥೆ ಅಂದ್ರೆ ಅಂತಾರಾಷ್ಟ್ರೀಯ ವಲಸೆ ಸಂಘಟನೆ. 1951ರಲ್ಲಿ ಶುರುವಾದ ಇದಕ್ಕೆ ಭಾರತ 2008ರಲ್ಲಿ ಸದಸ್ಯನಾಯಿತು. ಊರು ಬಿಟ್ಟವರ ಎಣಿಕೆ, ವಾಪಸ್ ಬಂದವರಿಗೆ ನೆರವು, ಸರ್ಕಾರ-ಸಂಘಸಂಸ್ಥೆ-ಮಾಲೀಕರನ್ನು ಒಂದೇ ಮೇಜಿನ ಮುಂದೆ ಕೂಡಿಸೋದು ಇದರ ಕೆಲಸ.

ಈ ಎರಡೂ ಕಡೆ ಅರ್ಜಿಗೆ, ಸಂದರ್ಶನಕ್ಕೆ, ಆಯ್ಕೆಗೆ ಒಂದು ರೂಪಾಯಿ ಶುಲ್ಕವಿಲ್ಲ. ಕೆಲವು ಖಾಸಗಿ ಸಂಸ್ಥೆಗಳು ಊಟ-ವಸತಿಯ ಖರ್ಚು ಅಂತ ಬಹಿರಂಗವಾಗಿ ಹಣ ಪಡೆಯುತ್ತವೆ, ಅದು ಬೇರೆ ಮಾತು. ಆದರೆ ‘ಯುಎನ್‌ನಾಗ ಸೀಟ್ ಮಾಡಿಸ್ತೀನಿ, ಎರಡು ಲಕ್ಷ ಕೊಡ್ರಿ’ ಅಂತ ಯಾರಾದ್ರೂ ಅಂದ್ರೆ ಅದು ಮೋಸ.

ಕಲಬುರಗಿ ಹುಡುಗ್ರ ಪಾಠ

ಇದು ದೂರದ ಮಾತಲ್ಲ. ಸಿಂದಗಿ ದಾಟಿದರೆ ಸಿಗುವ ಪಕ್ಕದ ಕಲಬುರಗಿ ಜಿಲ್ಲೆಯ ಯುವಕರು ಸೆಕ್ಯೂರಿಟಿ, ಹೆಲ್ಪರ್ ಕೆಲಸ ಅಂತ ನಂಬಿ ರಷ್ಯಾಕ್ಕೆ ಹೋದರು. ಅಲ್ಲಿ ಅವರನ್ನು ಸೈನ್ಯದ ಜೊತೆ ಉಕ್ರೇನ್ ಯುದ್ಧದ ಗಡಿಗೆ ದಬ್ಬಲಾಯಿತು. 2024ರ ಫೆಬ್ರುವರಿಯಲ್ಲಿ ಸುದ್ದಿ ಹೊರಬಿತ್ತು, ಮಾರ್ಚ್‌ನಲ್ಲಿ ಸಿಬಿಐ ಏಜೆಂಟರ ಮೇಲೆ ಪ್ರಕರಣ ದಾಖಲಿಸಿತು. ಆ ಹುಡುಗ್ರು ಮನೆ ಸೇರಿದ್ದು ಸೆಪ್ಟೆಂಬರ್‌ನಲ್ಲಿ. ಗುಜರಾತಿನ ಒಬ್ಬ ಯುವಕ ಜೀವಂತ ಬರಲಿಲ್ಲ.

ಅವರು ಓದು ಬರಹ ಇಲ್ಲದವರೇನಲ್ಲ. ಹೋಗುವ ಮುಂಚೆ ಕಾಗದ ನೋಡಿ ‘ಇದು ಯಾವ ವೀಸಾ, ಯಾವ ಕರಾರು’ ಅಂತ ಹೇಳುವವರು ಹತ್ತಿರದಲ್ಲಿ ಇರಲಿಲ್ಲ. ನಮ್ಮ ನಾಲ್ಕು ತಾಲ್ಲೂಕಿನ ಕೊರತೆಯೂ ಇದೇ.

ಸೇವೆ ಬೇರೆ, ನೌಕರಿ ಬೇರೆ

ಸ್ವಯಂಸೇವಕ ಅಂತ ಹೋಗಿ ಅಲ್ಲಿ ದುಡಿದು ರೊಕ್ಕ ಕಳಿಸ್ತೀನಿ ಅನ್ನೋದು ಕಾನೂನಿನ ಪ್ರಕಾರ ನಡೆಯೋದಿಲ್ಲ. ನೌಕರಿಗೆ ನೌಕರಿಯ ವೀಸಾ ಬೇಕು. ಎಸ್ಸೆಸ್ಸೆಲ್ಸಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ‘ಇಸಿಆರ್’ ವರ್ಗಕ್ಕೆ ಬರುತ್ತದೆ. ಅಂಥವರು ಸೌದಿ, ಕತಾರ್, ಕುವೈತ್, ಒಮಾನ್, ಮಲೇಷ್ಯಾ ಸೇರಿ 18 ದೇಶಗಳಿಗೆ ದುಡಿಯಲು ಹೋಗುವ ಮುಂಚೆ ಸರ್ಕಾರದ ವಲಸೆ ಅನುಮತಿ ಪಡೆಯಬೇಕು. ಏಜೆಂಟನ ಹೆಸರು ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಣಿಯಾಗಿರಬೇಕು. ಅವರು ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ, ಅದಕ್ಕೂ ರಸೀದಿ ಕೊಡಬೇಕು. ಇಸಿಆರ್ ವರ್ಗದವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ ಕಂತು, ಅಪಘಾತದಲ್ಲಿ ಸಾವಾದರೆ 10 ಲಕ್ಷ ರೂಪಾಯಿ ವಿಮೆ. ಇಷ್ಟು ಗೊತ್ತಿಲ್ಲದೆ ಹೊಲ ಒತ್ತೆ ಇಟ್ಟು ಲಕ್ಷಗಟ್ಟಲೆ ಕೊಟ್ಟು ಹೋದ್ರೆ, ಕಷ್ಟ ಬಂದಾಗ ಆ ಹುಡುಗನ ಹೆಸರು ಯಾವ ದಾಖಲೆಯಲ್ಲೂ ಸಿಗೋದಿಲ್ಲ.

ನಮ್ಮ ಇಂಡಿ ಲಿಂಬೆಗೆ ಜಿಐ ಮಾನ್ಯತೆ ಐತಿ. ಅದನ್ನು ಹೊರದೇಶಕ್ಕೆ ಕಳಿಸಬೇಕಾದ್ರೆ ತಪಾಸಣೆ, ಪ್ರಮಾಣಪತ್ರ, ಪ್ಯಾಕಿಂಗ್ ಎಲ್ಲಾ ನೋಡ್ತೀವಿ. ಮನೆ ಮಗನನ್ನು ಕಳಿಸುವಾಗ ಅಷ್ಟೂ ನೋಡಬಾರದಾ?

ಗುಳೆ ನಮಗೆ ಹೊಸದಲ್ಲ

ವಲಸೆ ಅಂದ್ರೇನು ಅಂತ ಈ ಭಾಗದ ಮಂದಿಗೆ ಪುಸ್ತಕ ಓದಿ ತಿಳಿಯಬೇಕಾಗಿಲ್ಲ. ಮಳೆ ಕೈಕೊಟ್ಟ ವರ್ಷ ಗೋವಾ, ಪುಣೆ, ಮುಂಬೈ, ಮಂಗಳೂರಿಗೆ ಗುಳೆ ಹೋಗೋದು ಹಳೇ ರೂಢಿ. 2020ರ ಲಾಕ್‌ಡೌನ್‌ನಲ್ಲಿ ಅದೇ ಮಂದಿ ಗಂಟುಮೂಟೆ ಹೊತ್ತು ವಾಪಸ್ ಬಂದಾಗ, ಯಾವ ಊರಿನವರು ಎಷ್ಟು ಜನ ಎಲ್ಲಿದ್ದಾರೆ ಅನ್ನೋ ಲೆಕ್ಕ ಅಧಿಕಾರಿಗಳ ಕೈಯಲ್ಲಿ ಇರಲಿಲ್ಲ. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟು ಪುನರ್ವಸತಿ ಕೇಂದ್ರ ಸೇರಿದ ಕುಟುಂಬಗಳೂ ನಮ್ಮಲ್ಲೇ ಇವೆ. ಇತ್ತ ನಮ್ಮ ಜಿಲ್ಲೆಗೂ ಮಂದಿ ದುಡಿಯಲು ಬರ್ತಾರೆ. 2023ರ ಡಿಸೆಂಬರ್‌ನಲ್ಲಿ ವಿಜಯಪುರದ ಗೋದಾಮಿನಲ್ಲಿ ಮೆಕ್ಕೆಜೋಳದ ಚೀಲಗಳಡಿ ಸಿಕ್ಕು ಸತ್ತ ಏಳು ಕಾರ್ಮಿಕರು ಬಿಹಾರದವರು.

ಅಂದ್ರೆ ವಿದೇಶಕ್ಕೆ ಹೋಗಿ ಕಲಿಯಬೇಕಾದ ಕೆಲಸ ನಮ್ಮ ಬಸ್ ಸ್ಟ್ಯಾಂಡಿನಲ್ಲೇ ಕಾಯ್ತಾ ಇದೆ. ಇಂಥ ಸಂಸ್ಥೆಗಳಿಗೆ ಅರ್ಜಿ ಹಾಕುವಾಗ ಅಂಕಪಟ್ಟಿಯ ಜೊತೆ ‘ನೀವು ಏನು ಕೆಲಸ ಮಾಡಿದ್ದೀರಿ’ ಅನ್ನೋದೂ ಬರೆಯಬೇಕಾಗುತ್ತದೆ. ತನ್ನೂರಿನ ಗುಳೆ ಕುಟುಂಬಗಳ ಪಟ್ಟಿ ಮಾಡಿದ, ಇ-ಶ್ರಮ್ ಕಾರ್ಡ್ ಮಾಡಿಸಿಕೊಟ್ಟ, ಪರಊರಲ್ಲೂ ರೇಷನ್ ಪಡೆಯುವ ವಿಧಾನ ಹೇಳಿಕೊಟ್ಟ ಹುಡುಗಿಗೆ ಹೇಳಲು ನಿಜವಾದ ಅನುಭವ ಇರುತ್ತದೆ.

ಲೆಕ್ಕ ಇದ್ದಲ್ಲಿ ನೀತಿ

ಕೇರಳ ನೋಡ್ರಿ. 1996ರಲ್ಲೇ ಅನಿವಾಸಿ ಕೇರಳಿಗರಿಗೆ ಪ್ರತ್ಯೇಕ ಇಲಾಖೆ ಮಾಡಿತು. 1998ರಿಂದ ವಲಸೆ ಸಮೀಕ್ಷೆ ನಡೆಸುತ್ತಾ ಬಂದಿದೆ. ಎಣಿಸಿದ್ದಕ್ಕೇ ಅಲ್ಲಿನ ಸರ್ಕಾರ ದೆಹಲಿಯಲ್ಲಿ ಗಟ್ಟಿಯಾಗಿ ಕೇಳುತ್ತದೆ. 1983ರ ವಲಸೆ ಕಾಯ್ದೆಯ ಬದಲಿಗೆ ಹೊಸ ಮಸೂದೆಯ ಕರಡನ್ನು ವಿದೇಶಾಂಗ ಸಚಿವಾಲಯ 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿ ಜನರ ಅಭಿಪ್ರಾಯ ಕೇಳಿತ್ತು. ಇಂಥ ವೇಳೆ ನಮ್ಮ ತಾಲ್ಲೂಕುಗಳ ಮಾತು ಹೋಗಬೇಕಾದ್ರೆ ಕೈಯಲ್ಲಿ ಅಂಕಿಸಂಖ್ಯೆ ಇರಬೇಕು.

ಇದಕ್ಕೆ ದೊಡ್ಡ ಅನುದಾನ ಬೇಕಿಲ್ಲ. ತಾಲ್ಲೂಕು ಪಂಚಾಯಿತಿಯಲ್ಲಿ ಒಂದು ಮೇಜು, ವಾರಕ್ಕೆ ಎರಡು ದಿನ ಕಾಲೇಜಿನ ಎನ್ನೆಸ್ಸೆಸ್ ಹುಡುಗ್ರು, ಮೇಲೆ ನೋಡಲು ಒಬ್ಬ ಕಾರ್ಮಿಕ ನಿರೀಕ್ಷಕರು. ಗ್ರಾಮಸಭೆಯಲ್ಲಿ ಗುಳೆ ಹೋಗುವವರ ಹೆಸರು ದಾಖಲಿಸುವ ನಿರ್ಣಯ.

ಅಂಗಡಿಕಾರರಿಗೂ ಇದರಲ್ಲಿ ಪಾಲೈತಿ. ದುಡಿಯಲು ಹೋದವರು ಕಳಿಸಿದ ರೊಕ್ಕದಿಂದ ಜಾತ್ರಿ, ದೀಪಾವಳಿಯ ವ್ಯಾಪಾರ ನಡೆಯುತ್ತದೆ. ಏಜೆಂಟನ ಕೈಗೆ ಹೋದ ರೊಕ್ಕ ಮಾತ್ರ ನಿಮ್ಮ ಉದ್ರಿ ಖಾತೆಯಲ್ಲೇ ಬಾಕಿ ಉಳಿಯುತ್ತದೆ. ಪ್ರವಾಸಿ ಭಾರತೀಯ ಸಹಾಯ ಕೇಂದ್ರದ ಉಚಿತ ಸಂಖ್ಯೆ 1800-11-3090. ಅಂಗಡಿ ಗೋಡೆ ಮೇಲೆ ಬರೆದು ಅಂಟಿಸ್ರಿ. ಹೊರಡುವ ಹುಡುಗ ರೊಕ್ಕ ಕೊಡುವ ಮುಂಚೆ ಒಂದು ಫೋನ್ ಮಾಡಲಿ.