ಇಂಗ್ಲಿಷ್ ಕಲಿಕೆಗೆ ಇಡಿಯ ಒಂದು ಬಾಳು

ನಮ್ಮ ಪ್ರೌಢಶಾಲೆಗಳ ಇಂಗ್ಲಿಷ್ ಪಠ್ಯಪುಸ್ತಕಗಳಲ್ಲಿ ಮಹಾಪುರುಷರ ಜೀವನವನ್ನು ಕುರಿತ ಒಂದೆರಡು ಪಾಠಗಳಿರುವುದು ಬಹುಕಾಲದಿಂದ ನಡೆದುಬಂದ ಪದ್ಧತಿ. ಆ ಪಾಠಗಳನ್ನು ಬರೆಯಿಸಿದವರ ಉದ್ದೇಶ ಪ್ರಶಂಸನೀಯವಾದುದೇ: ವಿದ್ಯಾರ್ಥಿಗೆ ಭಾಷೆಯೂ ಬರಬೇಕು, ಸನ್ಮಾರ್ಗವೂ ಕಾಣಬೇಕು. ಆದರೆ ಅವುಗಳಲ್ಲಿ ಹೆಚ್ಚಿನವನ್ನು ಓದಿ ನೋಡಿದರೆ, ಇಂಥವರು ಇಂಥ ವರ್ಷದಲ್ಲಿ ಇಂಥ ಊರಿನಲ್ಲಿ ಜನಿಸಿದರು, ಬಡತನದಲ್ಲಿ ಬೆಳೆದರು, ಶ್ರದ್ಧೆಯಿಂದ ಓದಿದರು, ಸತ್ಯವನ್ನೇ ನುಡಿದರು, ಲೋಕಮಾನ್ಯರಾದರು ಎಂಬಷ್ಟರಲ್ಲಿ ಒಂದು ಬಾಳು ಮುಗಿದುಹೋಗಿ, ಅದರ ಬೆನ್ನಿಗೇ ಬಿಟ್ಟಸ್ಥಳ ತುಂಬುವ ಪ್ರಶ್ನೆಗಳು ಬಂದು ನಿಲ್ಲುತ್ತವೆ. ಹೆಸರನ್ನೂ ಇಸವಿಯನ್ನೂ ಬದಲಾಯಿಸಿದರೆ ಒಬ್ಬರ ಪಾಠ ಇನ್ನೊಬ್ಬರಿಗೆ ಸಲ್ಲುವಂತಿರುವ ಇಂಥ ಬರಹದಿಂದ ಭಾಷೆಯೂ ಬಾರದು, ಚರಿತ್ರೆಯೂ ತಿಳಿಯದು. ಇಂಗ್ಲಿಷನ್ನು ಮಹನೀಯರ ಜೀವನಗಳ ಮೂಲಕ ಕಲಿಸುವುದು ಉತ್ತಮವಾದ ಮಾರ್ಗವೆಂದು ನಾನು ದೃಢವಾಗಿ ನಂಬಿದ್ದೇನೆ. ಆದರೆ ಹಾಗೆ ಕಲಿಸುವುದಾದರೆ, ಹತ್ತು ಬಾಳುಗಳ ಸಾರಾಂಶವನ್ನು ಬಿಟ್ಟು ಒಂದು ಬಾಳನ್ನು, ಅದನ್ನು ಬಾಳಿದವರ ಮಾತಿನಲ್ಲಿಯೇ, ಅದರ ಕಷ್ಟ ಪ್ರಮಾದಗಳ ಸಮೇತವಾಗಿ, ಸಾವಧಾನದಿಂದ ಓದಿಸಬೇಕು. ಅದರಲ್ಲಿಯೂ, ತಮಗೆ ಸುಲಭವಾಗಿ ದೊರೆಯದಿದ್ದ ಭಾಷೆಯನ್ನು ದುಡಿದು ಸಂಪಾದಿಸಿಕೊಂಡವರ ಬಾಳನ್ನು ಮೊದಲು ಓದಿಸಬೇಕು.

ಜೀವನಕಥನವು ಭಾಷಾಭ್ಯಾಸಕ್ಕೆ ಸ್ವಭಾವತಃ ಒದಗುವಂಥ ವಸ್ತು. ಅದು ಕಾಲಕ್ರಮದಲ್ಲಿ ನಡೆಯುತ್ತದೆಯಾದ್ದರಿಂದ ಭೂತಕಾಲದ ಕ್ರಿಯಾರೂಪಗಳು ನೂರಾರು ಸಲ ಕಣ್ಣಿಗೆ ಬೀಳುತ್ತವೆ. ಒಂದು ಘಟನೆಯಿಂದ ಇನ್ನೊಂದು ಹುಟ್ಟುವುದರಿಂದ ಕಾರಣವನ್ನೂ ಪರಿಣಾಮವನ್ನೂ ಸೂಚಿಸುವ ಅವ್ಯಯಗಳು ತಮ್ಮ ತಮ್ಮ ಸ್ಥಾನದಲ್ಲಿ ಪರಿಚಯವಾಗುತ್ತವೆ. ಒಬ್ಬರಾಡಿದ ಮಾತನ್ನು ಇನ್ನೊಬ್ಬರು ಹೇಳುವ ಕ್ರಮ, ವ್ಯಾಕರಣದ ಪುಸ್ತಕದಲ್ಲಿ ಹುಡುಗರನ್ನು ಅಷ್ಟು ಪೀಡಿಸುವ ಆ ಕ್ರಮ, ಇಲ್ಲಿ ತಾನಾಗಿಯೇ ತಿಳಿಯುತ್ತದೆ. ಇವೆಲ್ಲಕ್ಕಿಂತ ಮಿಗಿಲಾದುದು, ಮುಂದೇನಾಯಿತೋ ಎಂಬ ಕುತೂಹಲ. ಆ ಕುತೂಹಲವಿಲ್ಲದ ಕಡೆ ನಿಘಂಟೂ ನಿಯಮವೂ ಹೊರೆಯಾಗಿಯೇ ಉಳಿಯುತ್ತವೆ.

ಬಾಲಕರಿಗೆಂದು ಒಂದು ಜೀವನವನ್ನು ತೊಳೆದು ಮಡಿಮಾಡಿ ಕೊಡುವವರಿಗೆ ಅಮೆರಿಕದ ಒಂದು ನಿದರ್ಶನವನ್ನು ಜ್ಞಾಪಿಸಬಯಸುತ್ತೇನೆ. ವೀಮ್ಸ್ ಎಂಬ ಪಾದ್ರಿಯು ಜಾರ್ಜ್ ವಾಷಿಂಗ್‌ಟನ್ನನ ಚರಿತ್ರೆಯನ್ನು ಬರೆದು, 1806ರ ಆವೃತ್ತಿಯಲ್ಲಿ ಚೆರ್ರಿಮರವನ್ನು ಕಡಿದು ನಿಜವನ್ನು ಒಪ್ಪಿಕೊಂಡ ಬಾಲಕನ ಕಥೆಯನ್ನು ಸೇರಿಸಿದನು. ಆಧಾರವಿಲ್ಲದ ಆ ಕಥೆ ಮುಂದೆ ಶಾಲಾಪಠ್ಯಗಳನ್ನೂ ಹೊಕ್ಕು ಲಕ್ಷಾಂತರ ಮಕ್ಕಳ ಬಾಯಿಪಾಠವಾಯಿತು. ಎಲ್ಲ ಸೇರಿಸಿದರೂ ಒಂದು ವರ್ಷಕ್ಕೆ ತುಂಬದಷ್ಟೇ ಶಾಲೆಯನ್ನು ಕಂಡಿದ್ದ ಅಬ್ರಹಾಂ ಲಿಂಕನ್ನನು ಬಾಲ್ಯದಲ್ಲಿ ಈ ವೀಮ್ಸನ ಪುಸ್ತಕವನ್ನೇ ಓದಿದ್ದನು. ಅಧ್ಯಕ್ಷಪದವಿಯನ್ನು ವಹಿಸಿಕೊಳ್ಳಲು ರಾಜಧಾನಿಗೆ ಹೋಗುತ್ತ 1861ರ ಫೆಬ್ರವರಿಯಲ್ಲಿ ಟ್ರೆಂಟನ್ ನಗರದಲ್ಲಿ ಮಾತನಾಡಿದಾಗ ಅವನು ಆ ಪುಸ್ತಕವನ್ನು ನೆನೆದನು. ನೆನೆದು ಹೇಳಿದ್ದು ನದಿಯನ್ನು ದಾಟಿದ ವಾಷಿಂಗ್‌ಟನ್ನನ ಸೈನಿಕರ ಕಷ್ಟವನ್ನು, ಆ ಊರಿನ ಬಳಿ ನಡೆದ ಹೋರಾಟವನ್ನು, ಅಷ್ಟೊಂದು ಕಷ್ಟಕ್ಕೆ ಅವರನ್ನು ಒಡ್ಡಿದ ಉದ್ದೇಶ ಸಾಮಾನ್ಯವಾದುದಾಗಿರಲಾರದೆಂದು ಹುಡುಗನಾಗಿದ್ದಾಗಲೇ ತನಗೆ ತೋರಿದುದನ್ನು. ಚೆರ್ರಿಮರದ ಪ್ರಸ್ತಾಪ ಆ ಭಾಷಣದಲ್ಲಿ ಇಲ್ಲ. ಉಪದೇಶಕ್ಕಾಗಿ ಹೆಣೆದದ್ದಕ್ಕಿಂತ ಸಂಕಟದ ಸಾಚಾ ವೃತ್ತಾಂತವೇ ಎಳೆಯ ಮನಸ್ಸಿನಲ್ಲಿ ನಾಲ್ವತ್ತು ವರ್ಷ ನಿಲ್ಲುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯವನ್ನು ನಾನು ಕಾಣೆ.

ಇನ್ನು ಬೆಂಜಮಿನ್ ಫ್ರಾಂಕ್ಲಿನ್ನನ ವಿಚಾರ. 1706ರಲ್ಲಿ ಬಾಸ್ಟನ್ನಿನಲ್ಲಿ, ಮೇಣದಬತ್ತಿ ಸಾಬೂನುಗಳನ್ನು ಮಾಡುತ್ತಿದ್ದವನೊಬ್ಬನ ಹದಿನೇಳು ಮಕ್ಕಳಲ್ಲಿ ಹದಿನೈದನೆಯವನಾಗಿ ಹುಟ್ಟಿದ ಈತನಿಗೆ ಶಾಲೆಯ ಋಣ ಎರಡು ವರ್ಷದೊಳಗೇ ತೀರಿತು. ಹನ್ನೆರಡನೆಯ ವಯಸ್ಸಿಗೆ ಅಣ್ಣನ ಮುದ್ರಣಾಲಯದಲ್ಲಿ ಕೆಲಸ ಕಲಿಯುವ ಹುಡುಗನಾಗಿ ಸೇರಿದನು. ಒಮ್ಮೆ ಅವನಿಗೆ ಲಂಡನ್ನಿನ ‘ಸ್ಪೆಕ್ಟೇಟರ್’ ಪತ್ರಿಕೆಯ ಬಿಡಿ ಸಂಪುಟವೊಂದು ಸಿಕ್ಕಿತು. ಅದರ ಶೈಲಿಗೆ ಮಾರುಹೋಗಿ, ಅಂಥ ಬರವಣಿಗೆ ತನಗೂ ಬರಬೇಕೆಂದು ಅವನು ಕೈಕೊಂಡ ಅಭ್ಯಾಸವನ್ನು ತನ್ನ ಆತ್ಮಚರಿತ್ರೆಯಲ್ಲಿ ವಿಸ್ತಾರವಾಗಿ ಹೇಳಿಕೊಂಡಿದ್ದಾನೆ. ಒಂದು ಪ್ರಬಂಧವನ್ನು ತೆಗೆದುಕೊಂಡು, ಪ್ರತಿಯೊಂದು ವಾಕ್ಯದ ಭಾವವನ್ನು ಸಂಕ್ಷಿಪ್ತವಾಗಿ ಗುರುತುಹಾಕಿಕೊಂಡು, ಕೆಲವು ದಿನ ಅದನ್ನು ಬದಿಗಿಟ್ಟು, ಮೂಲವನ್ನು ನೋಡದೆ ಆ ಗುರುತುಗಳಿಂದಲೇ ಪ್ರಬಂಧವನ್ನು ತನ್ನ ಮಾತಿನಲ್ಲಿ ಮತ್ತೆ ಬರೆದು, ಆಮೇಲೆ ಮೂಲದೊಡನೆ ಹೋಲಿಸಿ ತಪ್ಪುಗಳನ್ನು ತಿದ್ದಿಕೊಳ್ಳುವನು. ಶಬ್ದಸಂಪತ್ತು ಸಾಲದೆಂದು ತೋರಲಾಗಿ, ಕಥೆಗಳನ್ನು ಪದ್ಯಕ್ಕೆ ತಿರುಗಿಸಿ, ಮೂಲದ ಗದ್ಯ ಮರೆತುಹೋದಮೇಲೆ ಪದ್ಯವನ್ನು ಮತ್ತೆ ಗದ್ಯಕ್ಕೆ ತರುವನು. ಏಕೆಂದರೆ ಛಂದಸ್ಸಿಗೆ ಹೊಂದುವ ಅಳತೆಯ ಮಾತನ್ನು ಹುಡುಕುವವನಿಗೆ ಒಂದೇ ಅರ್ಥದ ಹಲವು ಶಬ್ದಗಳು ಕೈವಶವಾಗುತ್ತವೆ. ಇನ್ನೂ ಮುಂದುವರಿದು, ಗುರುತುಗಳನ್ನೆಲ್ಲ ಬೇಕೆಂದೇ ಕಲಸಿಬಿಟ್ಟು, ಕೆಲವು ವಾರಗಳಾದಮೇಲೆ ಅವುಗಳನ್ನು ಸರಿಯಾದ ಕ್ರಮಕ್ಕೆ ತರಲು ಯತ್ನಿಸುವನು. ಇದರಿಂದ ವಿಚಾರಗಳನ್ನು ಜೋಡಿಸುವ ಕಲೆ ಅಭ್ಯಾಸವಾಯಿತು. ಇಷ್ಟೆಲ್ಲ ನಡೆದದ್ದು ರಾತ್ರಿ ಕೆಲಸ ಮುಗಿದಮೇಲೆ, ಬೆಳಗಿನ ಕೆಲಸ ಮೊದಲಾಗುವುದಕ್ಕೆ ಮುಂಚೆ, ಅಥವಾ ಭಾನುವಾರಗಳಲ್ಲಿ. ಹದಿನಾರನೆಯ ವಯಸ್ಸಿಗೆ, 1722ರಲ್ಲಿ, ಒಬ್ಬ ವಿಧವೆಯ ಕಲ್ಪಿತನಾಮದಲ್ಲಿ ಅವನು ಬರೆದು ರಾತ್ರಿಯ ಹೊತ್ತು ಮುದ್ರಣಾಲಯದ ಬಾಗಿಲಡಿಯಲ್ಲಿ ಸರಿಸಿದ ಲೇಖನಗಳನ್ನು, ಕರ್ತೃ ತನ್ನ ತಮ್ಮನೇ ಎಂದರಿಯದೆ ಅಣ್ಣನೇ ತನ್ನ ಪತ್ರಿಕೆಯಲ್ಲಿ ಅಚ್ಚುಮಾಡಿದನು. ಅಂಥವು ಹದಿನಾಲ್ಕು ಪ್ರಕಟವಾದುವು.

ಇಂಗ್ಲಿಷ್ ಮಾತೃಭಾಷೆಯಾಗಿದ್ದವನಿಗೇ ಇಷ್ಟು ಪರಿಶ್ರಮ ಬೇಕಾಯಿತೆಂದು ತಿಳಿದಾಗ, ಹಳ್ಳಿಯ ಶಾಲೆಯ ನಮ್ಮ ಹುಡುಗನಿಗೆ ತನ್ನ ತಡವರಿಕೆಯು ನಾಚಿಕೆಯ ವಿಷಯವೆಂಬ ಭಾವನೆ ತೊಲಗುತ್ತದೆ. ಆ ನಾಚಿಕೆಯೇ ನಮ್ಮ ನಾಡಿನಲ್ಲಿ ಇಂಗ್ಲಿಷ್ ಕಲಿಕೆಯ ಪರಮಶತ್ರು. ತಿಂಗಳೊಂದರಲ್ಲಿ ನಿರರ್ಗಳವಾಗಿ ಮಾತನಾಡಿಸುವೆವೆಂದು ಜಾಹೀರಾತು ಹಾಕುವವರು ಜೀವಿಸುತ್ತಿರುವುದು ಆ ನಾಚಿಕೆಯ ಮೇಲೆಯೇ.

ಫ್ರಾಂಕ್ಲಿನ್ನನಿಗಿಂತಲೂ ನನ್ನ ಹೃದಯಕ್ಕೆ ಸಮೀಪನಾದವನು ಫ್ರೆಡರಿಕ್ ಡಗ್ಲಸ್. ಮೇರಿಲೆಂಡ್ ಪ್ರಾಂತದಲ್ಲಿ ಗುಲಾಮನಾಗಿ ಹುಟ್ಟಿದ ಈತನನ್ನು ಬಾಲ್ಯದಲ್ಲಿಯೇ ಬಾಲ್ಟಿಮೋರ್ ನಗರದ ಒಂದು ಮನೆಗೆ ಕಳುಹಿಸಿದರು. ಆ ಮನೆಯ ಯಜಮಾನಿ ಪ್ರೀತಿಯಿಂದ ಅಕ್ಷರಗಳನ್ನು ಹೇಳಿಕೊಡಲು ತೊಡಗಿದಳು. ಯಜಮಾನನಿಗೆ ಅದು ತಿಳಿದೊಡನೆ, ಓದು ಕಲಿತ ಗುಲಾಮನು ಗುಲಾಮತನಕ್ಕೆ ನಿರುಪಯುಕ್ತನಾಗುವನೆಂದು ಹೇಳಿ ಪಾಠವನ್ನು ನಿಲ್ಲಿಸಿದನು. ಪಕ್ಕದಲ್ಲಿದ್ದು ಕೇಳಿಸಿಕೊಂಡ ಬಾಲಕನಿಗೆ ಆ ನಿಷೇಧವೇ ಉಪದೇಶವಾಯಿತು: ಯಾವುದಕ್ಕೆ ಒಡೆಯನು ಅಷ್ಟು ಹೆದರುತ್ತಾನೆಯೋ ಬಿಡುಗಡೆಯ ಹಾದಿ ಅಲ್ಲಿಯೇ ಇರಬೇಕೆಂದು ಅವನು ಗ್ರಹಿಸಿದನು. ಬೀದಿಯ ಬಡ ಬಿಳಿಯ ಹುಡುಗರಿಗೆ ತನ್ನ ಪಾಲಿನ ರೊಟ್ಟಿಯನ್ನು ಕೊಟ್ಟು ಅವರಿಂದ ಓದನ್ನು ಕೊಂಡನು. ಹಡಗು ಕಟ್ಟುವ ಅಂಗಳದಲ್ಲಿ, ಯಾವ ಮರದ ತುಂಡು ಹಡಗಿನ ಯಾವ ಪಾರ್ಶ್ವಕ್ಕೆ ಸೇರತಕ್ಕದ್ದೆಂದು ಬಡಗಿಗಳು ಅದರ ಮೇಲೆ ಬರೆಯುತ್ತಿದ್ದ ಎಲ್, ಎಸ್, ಎಫ್, ಎ ಎಂಬ ನಾಲ್ಕು ಅಕ್ಷರಗಳನ್ನು ನೋಡಿ ನೋಡಿ ಬರೆಯುವುದನ್ನು ಕಲಿತನು; ಆಮೇಲೆ ಬರೆಯಬಲ್ಲ ಹುಡುಗರನ್ನು ಕಂಡಾಗಲೆಲ್ಲ, ನಿನ್ನಷ್ಟೇ ನಾನೂ ಬರೆಯಬಲ್ಲೆನೆಂದು ಪಂಥಕಟ್ಟಿ, ತನಗೆ ಬರುವ ಆ ನಾಲ್ಕನ್ನು ಬರೆದು ತೋರಿಸಿ, ಇದನ್ನು ಮೀರಿಸು ನೋಡೋಣವೆಂದು ಕೆಣಕಿ, ಉಳಿದ ಅಕ್ಷರಗಳನ್ನು ಅವರ ಕೈಯಿಂದ ಹೊರಡಿಸಿಕೊಂಡನು. ಬೇಲಿಯ ಹಲಗೆ, ಇಟ್ಟಿಗೆಯ ಗೋಡೆ, ಬೀದಿಯ ಕಲ್ಲುಹಾಸು ಅವನಿಗೆ ಪುಸ್ತಕ. ಸೀಮೆಸುಣ್ಣದ ತುಂಡು ಲೇಖನಿ. ಸುಮಾರು ಹನ್ನೆರಡನೆಯ ವಯಸ್ಸಿನಲ್ಲಿ ‘ಕೊಲಂಬಿಯನ್ ಓರೇಟರ್’ ಎಂಬ ಭಾಷಣಸಂಗ್ರಹ ದೊರೆಯಿತು. ಅದರಲ್ಲಿ ಒಬ್ಬ ಒಡೆಯನಿಗೂ ಅವನ ಗುಲಾಮನಿಗೂ ನಡೆದ ಸಂವಾದವೊಂದಿದ್ದು, ಗುಲಾಮನು ಯುಕ್ತಿಯಿಂದ ವಾದವನ್ನು ಗೆದ್ದು ಬಿಡುಗಡೆಯನ್ನು ಪಡೆಯುತ್ತಾನೆ. ಅದನ್ನು ಡಗ್ಲಸನು ಎಷ್ಟು ಸಲ ಓದಿದನೋ! ತನ್ನ ಎದೆಯಲ್ಲಿ ಹೊರಬರಲು ತವಕಿಸಿ ಮಾತಿಲ್ಲದೆ ಸತ್ತುಹೋಗುತ್ತಿದ್ದ ಭಾವಗಳಿಗೆ ಅಲ್ಲಿ ಅವನಿಗೆ ನುಡಿ ದೊರಕಿತು.

ಅವನು 1838ರಲ್ಲಿ ತಪ್ಪಿಸಿಕೊಂಡು ಉತ್ತರಕ್ಕೆ ಬಂದು, ಗುಲಾಮಪದ್ಧತಿಯ ವಿರುದ್ಧ ಸಭೆಗಳಲ್ಲಿ ಮಾತನಾಡತೊಡಗಿದಾಗ, ಇಷ್ಟು ಶುದ್ಧವಾದ ಇಂಗ್ಲಿಷನ್ನಾಡುವವನು ಗುಲಾಮನಾಗಿದ್ದುದು ಸುಳ್ಳೆಂದು ಕೆಲವರು ಸಂಶಯಪಟ್ಟರು. ಆ ಸಂಶಯವನ್ನು ನೀಗಲೆಂದೇ ಊರು ಹೆಸರುಗಳನ್ನು ಬಚ್ಚಿಡದೆ 1845ರಲ್ಲಿ ತನ್ನ ಕಥನವನ್ನು ಪ್ರಕಟಿಸಿದನು. ಪ್ರಕಟಿಸಿದ್ದರಿಂದಲೇ ಸೆರೆಸಿಕ್ಕುವ ಭಯವೊದಗಿ ಐರ್ಲೆಂಡಿಗೂ ಇಂಗ್ಲೆಂಡಿಗೂ ಹೋಗಬೇಕಾಯಿತು. ಚಿಕ್ಕದಾದ ಆ ಪುಸ್ತಕದ ಆರನೆಯ ಮತ್ತು ಏಳನೆಯ ಅಧ್ಯಾಯಗಳಲ್ಲಿ ಈ ವಿದ್ಯಾಭ್ಯಾಸದ ವೃತ್ತಾಂತವಿದೆ. ಅದರ ವಾಕ್ಯಗಳು ಬಹುಪಾಲು ಸರಳ, ಶಬ್ದಗಳು ಸ್ಪಷ್ಟ. ಓದುವುದೆಂದರೆ ಏನೆಂಬುದನ್ನು ಓದುತ್ತಲೇ ತಿಳಿಸುವ ಇಂಥ ಪುಟಗಳು ಇಂಗ್ಲಿಷಿನಲ್ಲಿ ವಿರಳ. ಅಕ್ಷರವನ್ನು ಮುಟ್ಟಬಾರದೆಂದು ಶತಮಾನಗಳ ಕಾಲ ಕೋಟ್ಯಂತರ ಜನರನ್ನು ದೂರವಿಟ್ಟ ನಮ್ಮ ಸಮಾಜದಲ್ಲಿ, ಆ ಜನರ ಮೊಮ್ಮಕ್ಕಳು ಇಂದು ಬೆಂಚಿನ ಮೇಲೆ ಕುಳಿತಿರುವ ತರಗತಿಯಲ್ಲಿ, ಈ ಎರಡು ಅಧ್ಯಾಯಗಳಿಗಿಂತ ಯೋಗ್ಯವಾದ ಪಾಠ ಯಾವುದಿದೆ?

ಫ್ರಾಂಕ್ಲಿನ್ನನ ಮನೆಯಲ್ಲಿಯೂ ಗುಲಾಮರಿದ್ದರೆಂಬುದನ್ನು ಬಾಲಕರಿಂದ ಮರೆಮಾಡಕೂಡದು. ವಾರ್ಧಕ್ಯದಲ್ಲಿ ಅವನ ಮನಸ್ಸು ಬದಲಾಯಿಸಿತು. ಪೆನ್ಸಿಲ್ವೇನಿಯದ ಗುಲಾಮವಿಮೋಚನಾ ಸಂಘಕ್ಕೆ ಅಧ್ಯಕ್ಷನಾಗಿ, ಮರಣಕ್ಕೆ ಎರಡು ತಿಂಗಳ ಮುಂಚೆ, 1790ರ ಫೆಬ್ರವರಿಯಲ್ಲಿ, ಆ ಪದ್ಧತಿಯನ್ನು ನಿಲ್ಲಿಸಬೇಕೆಂದು ಕೋರುವ ಮನವಿಗೆ ಸಹಿಹಾಕಿದನು. ಇವರಿಬ್ಬರ ಗ್ರಂಥಗಳನ್ನು ಒಟ್ಟಿಗೆ ಓದಿದ ವಿದ್ಯಾರ್ಥಿಗೆ ಕೇಳುವುದಕ್ಕೆ ಪ್ರಶ್ನೆಗಳಿರುತ್ತವೆ. ಪ್ರಶ್ನೆಯುಳ್ಳವನು ತೊದಲುವ ಇಂಗ್ಲಿಷಿನಲ್ಲಿಯಾದರೂ ಬಾಯಿ ತೆರೆಯುತ್ತಾನೆ. ಸರ್ವಗುಣಸಂಪನ್ನನಾದ ಪುರುಷನ ವಿಷಯದಲ್ಲಿ ಕೇಳುವುದೇನೂ ಇರುವುದಿಲ್ಲ.

ಬೋಧನಕ್ರಮದ ವಿಷಯದಲ್ಲಿ ನಮ್ಮ ಉಪಾಧ್ಯಾಯರು ಓದಲೇಬೇಕಾದವು ಆನ್ ಸಲಿವನ್ ಬರೆದ ಪತ್ರಗಳು. ಕಣ್ಣೂ ಕಿವಿಯೂ ಇಲ್ಲದ ಆರು ವರ್ಷದ ಹೆಲೆನ್ ಕೆಲರಳಿಗೆ ಕಲಿಸಲು 1887ರ ಮಾರ್ಚಿನಲ್ಲಿ ಅಲಬಾಮಕ್ಕೆ ಬಂದಾಗ ಆಕೆಗೆ ಇನ್ನೂ ಇಪ್ಪತ್ತೇ ವರ್ಷ. ನೀರಿನ ಪಂಪಿನ ಬಳಿ ಬಾಲಿಕೆಗೆ ಮಾತಿನ ಅರ್ಥ ಹೊಳೆದ ಪ್ರಸಂಗ ಎಲ್ಲರಿಗೂ ಗೊತ್ತು. ಅದಾದ ಕೆಲವೇ ದಿನಗಳಲ್ಲಿ ಸಲಿವನ್ ಮಾಡಿದ ನಿರ್ಧಾರ ಅಷ್ಟು ಪ್ರಸಿದ್ಧವಲ್ಲ: ಗಂಟೆಗೆ ಕಟ್ಟುಬಿದ್ದ ಪಾಠಗಳನ್ನು ತ್ಯಜಿಸಿ, ಮಾತು ಬಾರದ ಕೂಸಿನ ಕಿವಿಯಲ್ಲಿ ತಾಯಿ ಪೂರ್ಣ ವಾಕ್ಯಗಳನ್ನೇ ಆಡುವಂತೆ, ಹೆಲೆನಳ ಅಂಗೈಯಲ್ಲಿ ಪೂರ್ಣ ವಾಕ್ಯಗಳನ್ನೇ ಬರೆಯುತ್ತ ಹೋಗುವುದೆಂದು ಆಕೆ ನಿಶ್ಚಯಿಸಿದಳು. ಮಗು ತಾನು ಆಡಲಾರದುದನ್ನೂ ತಿಳಿದುಕೊಳ್ಳುತ್ತದೆ, ತಿಳಿದುಕೊಂಡದ್ದನ್ನು ಕಾಲಬಂದಾಗ ಆಡುತ್ತದೆ. 1903ರಲ್ಲಿ ಅಚ್ಚಾದ ಹೆಲೆನಳ ಆತ್ಮಕಥೆಯ ಜತೆಗೆ ಈ ಪತ್ರಗಳೂ ಸೇರಿವೆ. ಅವನ್ನು ಓದಿದವರು ಐದು ಶಬ್ದ, ಐದು ಅರ್ಥ ಎಂಬ ನಮ್ಮ ಹಳೆಯ ಪಟ್ಟಿಯನ್ನು ಕರಿಹಲಗೆಯ ಮೇಲೆ ಬರೆಯುವುದಕ್ಕೆ ಹಿಂಜರಿದಾರು.

ಗಾಂಧೀಜಿಯವರ ಆತ್ಮಕಥೆಯನ್ನು ನಾನು ಬೇರೊಂದು ಕಾರಣದಿಂದ ಸೂಚಿಸುತ್ತೇನೆ. ಮೂಲ ಗುಜರಾತಿಯದು, ಮಹಾದೇವ ದೇಸಾಯಿಯವರ ಇಂಗ್ಲಿಷ್ ಅನುವಾದ ತಿಳಿಯಾದುದು, ಗೊರೂರು ರಾಮಸ್ವಾಮಿ ಅಯ್ಯಂಗಾರರು ಅದನ್ನು ಕನ್ನಡಕ್ಕೆ ತಂದಿದ್ದಾರೆ. ಒಂದೇ ಅಧ್ಯಾಯವನ್ನು ಮೊದಲು ಕನ್ನಡದಲ್ಲಿ ಓದಿ ಬಳಿಕ ಇಂಗ್ಲಿಷಿನಲ್ಲಿ ಓದುವ ಸೌಕರ್ಯ ಹೀಗೆ ನಮಗೆ ಲಭ್ಯವಾಗಿದೆ. ಲಂಡನ್ನಿನಲ್ಲಿ ಸಭ್ಯಗೃಹಸ್ಥನಾಗಬೇಕೆಂದು ನೃತ್ಯಕ್ಕೂ ಪಿಟೀಲಿಗೂ ಭಾಷಣಕಲೆಗೂ ಹಣ ಕೊಟ್ಟು, ಮೂರು ತಿಂಗಳಲ್ಲಿ ಆ ವ್ಯಾಮೋಹವನ್ನು ಬಿಟ್ಟ ಕಥೆಯೂ, ಪ್ರಿಟೋರಿಯದಲ್ಲಿ ಒಬ್ಬ ಕ್ಷೌರಿಕ, ಒಬ್ಬ ಗುಮಾಸ್ತೆ, ಒಬ್ಬ ಚಿಕ್ಕ ಅಂಗಡಿಯವ ಇವರಿಗೆ ಅವರಿದ್ದಲ್ಲಿಗೇ ಹೋಗಿ ಇಂಗ್ಲಿಷ್ ಹೇಳಿಕೊಟ್ಟ ಕಥೆಯೂ ಅದರಲ್ಲಿವೆ. ಕ್ಷೌರಿಕನಿಗೆ ಗಿರಾಕಿಗಳೊಡನೆ ವ್ಯವಹರಿಸುವಷ್ಟು ಬಂದರೆ ಸಾಕಾಗಿತ್ತು, ಗಾಂಧೀಜಿ ಅಷ್ಟನ್ನು ಕಲಿಸಿದರು. ಎಲ್ಲ ವಿಷಯಗಳನ್ನೂ ಇಂಗ್ಲಿಷಿನ ಮೂಲಕವೇ ಓದಬೇಕಾದ ಕಷ್ಟವನ್ನು ಅದೇ ಪುಸ್ತಕದಲ್ಲಿ ಅವರು ಖಂಡಿಸಿದ್ದಾರೆಂಬುದೂ ಸ್ಮರಣೀಯ. ಆ ಖಂಡನೆಗೆ ನನ್ನ ಪೂರ್ಣ ಸಮ್ಮತಿಯಿದೆ. ಕನ್ನಡವನ್ನು ಕೆಳಗಿಳಿಸಿ ಇಂಗ್ಲಿಷನ್ನು ಕೂರಿಸಬೇಕೆಂಬುದು ನನ್ನ ವಾದವಲ್ಲ. ಕನ್ನಡದಲ್ಲಿ ಕೇಳಿ ಮನಸೋತ ಬಾಳನ್ನು ಇಂಗ್ಲಿಷಿನಲ್ಲಿ ಮತ್ತೆ ಸಂಧಿಸಲಿ ಎಂಬುದು.

ಮೂಲಗ್ರಂಥಗಳ ಭಾಷೆ ಕಠಿನವಲ್ಲವೆ ಎಂಬ ಆಕ್ಷೇಪ ನ್ಯಾಯವಾದುದೇ. ಫ್ರಾಂಕ್ಲಿನ್ನನ ವಾಕ್ಯಗಳು ಹದಿನೆಂಟನೆಯ ಶತಮಾನದವು, ಉದ್ದ; ಆದ್ದರಿಂದ ಅವನಿಂದ ಮೂರು ನಾಲ್ಕು ಪುಟಗಳು ಸಾಕು. ಉಪಾಧ್ಯಾಯರು ಕಥೆಯನ್ನು ಮೊದಲು ಕನ್ನಡದಲ್ಲಿ ಹೇಳಲಿ. ಮೂಲವನ್ನು ತಾವೇ ಗಟ್ಟಿಯಾಗಿ ಓದಲಿ. ಒಂದು ಪುಟಕ್ಕೆ ಒಂದು ವಾರ ಹಿಡಿದರೂ ಚಿಂತೆಯಿಲ್ಲ. ಫ್ರಾಂಕ್ಲಿನ್ನನ ಅಭ್ಯಾಸವನ್ನು ಡಗ್ಲಸನ ಒಂದು ಕಂಡಿಕೆಯ ಮೇಲೆ ಮಾಡಿಸಲಿ: ಗುರುತು ಹಾಕಿಕೊಳ್ಳುವುದು, ಕೆಲವು ದಿನ ಬಿಡುವುದು, ಮತ್ತೆ ಬರೆಯುವುದು, ಹೋಲಿಸುವುದು. ತಿದ್ದುವವನು ಇಲ್ಲಿ ವಿದ್ಯಾರ್ಥಿಯೇ ಆದುದರಿಂದ, ಅರುವತ್ತು ಮಕ್ಕಳ ತರಗತಿಯಲ್ಲಿಯೂ ಇದು ಸಾಧ್ಯ. ಪರೀಕ್ಷೆಯೂ ಇದಕ್ಕೆ ಅನುಗುಣವಾಗಿ ಮಾರ್ಪಡಬೇಕು. ಜನ್ಮವರ್ಷವನ್ನು ಕೇಳುವ ಬದಲು, ಓದಿದ ಪ್ರಸಂಗವೊಂದನ್ನು ಹತ್ತು ವಾಕ್ಯಗಳಲ್ಲಿ ತನ್ನ ಮಾತಿನಲ್ಲಿ ಬರೆಯಹೇಳಬೇಕು.

ಇದಕ್ಕೆ ಹೆಚ್ಚಿನ ವೆಚ್ಚವೇನೂ ತಗಲುವುದಿಲ್ಲ. ಫ್ರಾಂಕ್ಲಿನ್, ಡಗ್ಲಸ್, ಹೆಲೆನ್ ಕೆಲರ್ ಇವರ ಈ ಗ್ರಂಥಗಳು ಈಗ ಯಾರ ಹಕ್ಕಿಗೂ ಒಳಪಟ್ಟವಲ್ಲ. ಅಚ್ಚುಹಾಕಲು ಯಾರ ಅನುಮತಿಯೂ ಬೇಡ. ನಮ್ಮ ಪಠ್ಯಪುಸ್ತಕ ಸಂಘವು ಡಗ್ಲಸನ ಆ ಎರಡು ಅಧ್ಯಾಯಗಳನ್ನೂ, ಫ್ರಾಂಕ್ಲಿನ್ನನ ಮೂರು ಪುಟಗಳನ್ನೂ, ಸಲಿವನ್ನಳ ಒಂದೆರಡು ಪತ್ರಗಳನ್ನೂ ಸೇರಿಸಿ, ಪ್ರತಿ ಪುಟದ ಅಡಿಯಲ್ಲಿ ಕನ್ನಡದ ಟಿಪ್ಪಣಿಯನ್ನಿಟ್ಟು, ನೂರು ಪುಟದೊಳಗಿನ ಪೂರಕಪಾಠವೊಂದನ್ನು ಒಂಬತ್ತನೆಯ ತರಗತಿಗೆಂದು ಹೊರತರಲಿ. ಮುಂದಿನ ವರ್ಷದ ಪಠ್ಯಗಳು ಮುದ್ರಣಕ್ಕೆ ಹೋಗುವ ಮುನ್ನ ಈ ಕೆಲಸ ಮುಗಿಯಬಹುದು.